ಸಿಲೆಬಸ್ಸಿಗೆ ಗುಣ ತುಂಬಿಸಿದ್ದು

ನಮ್ಮ ಕಾಲೇಜಿನಲ್ಲಿ ನಗುವ ಸಂಗತಿ ನಡೆಯಬೇಕಾದರೆ ಯಾರೂ ಜೋಕು ಹೇಳಬೇಕಾಗಿಲ್ಲ, ಮೇಲಿನಿಂದ ಒಂದು ಗಂಭೀರವಾದ ಸುತ್ತೋಲೆ ಬಂದರೆ ಸಾಕು. ಪುತ್ತೂರಿನಲ್ಲಿ ಕಾಮರ್ಸ್ ಪಾಠ ಮಾಡಿ ಮಾಡಿ ನನ್ನ ಅರ್ಧ ಕೂದಲು ಬೆಳ್ಳಗಾಗಿದೆ. ಉಳಿದರ್ಧ ಬೆಳ್ಳಗಾದದ್ದು ಸುತ್ತೋಲೆ ಓದಿ. ಅದರಲ್ಲೂ ಈ 'ಪದವೀಧರರ ಗುಣಲಕ್ಷಣ' ಅಂತ ಒಂದು ಬಂತಲ್ಲ, ಅದು ಕೊಟ್ಟ ಮಂಡೆಬಿಸಿಯೂ ದೊಡ್ಡದು, ಗಮ್ಮತ್ತೂ ದೊಡ್ಡದು.

ರಜೆ ಹಾಕಿದ ತಪ್ಪಿಗೆ

ಆ ದಿನ ನಾನು ಬೆಟ್ಟಂಪಾಡಿಯಲ್ಲಿ ನಾದಿನಿಯ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆ. ಹೋಗಬಾರದಿತ್ತು. ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಉಂಟು: ಹೊಸ ಸಮಿತಿ ಮಾಡುವ ದಿನ ಯಾರು ಮೀಟಿಂಗಿಗೆ ಬರುವುದಿಲ್ಲವೋ ಅವರೇ ಅದರ ಸಂಚಾಲಕರು. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಜ್ವರ ಬಂದವರೂ ಸ್ವೆಟರ್ ಹಾಕಿಕೊಂಡು ಬಂದು ಕೂರುತ್ತಾರೆ. ನನಗೆ ಮೀಟಿಂಗ್ ಇದ್ದದ್ದೇ ಗೊತ್ತಿರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಕರೆದರು. ಅವರು ನಗುತ್ತಾ ಕುರ್ಚಿ ತೋರಿಸಿದಾಗಲೇ ಏನೋ ಗ್ರಹಚಾರ ಕಾದಿದೆ ಅಂತ ನನಗೆ ಗೊತ್ತಾಯಿತು. ವಿಷಯ ಇಷ್ಟು: ನಮ್ಮದು ಸ್ವಾಯತ್ತ ಕಾಲೇಜು, ಸಿಲೆಬಸ್ ನಾವೇ ಮಾಡಿಕೊಳ್ಳುವುದು. ಇನ್ನು ಮುಂದೆ ಅದರಲ್ಲಿ ಬರೇ ಪಾಠ ಇದ್ದರೆ ಸಾಲದು. ಡಿಗ್ರಿ ಮುಗಿಸಿ ಹೊರಗೆ ಹೋಗುವ ಹುಡುಗ-ಹುಡುಗಿಯರಲ್ಲಿ ನಾಯಕತ್ವ, ಸಂವಹನ, ನೈತಿಕತೆ, ಪರಿಸರ ಪ್ರಜ್ಞೆ, ಜಾಗತಿಕ ದೃಷ್ಟಿ ಅಂತ ಒಂದು ರಾಶಿ ಗುಣ ಇರಬೇಕು. ಯಾವ ಪೇಪರಿನ ಯಾವ ಪಾಠದಲ್ಲಿ ಯಾವ ಗುಣ ಬೆಳೆಯುತ್ತದೆ ಅಂತ ಪಟ್ಟಿ ಮಾಡಿ ಟಿಕ್ ಹಾಕಬೇಕು. ಕೊನೆಗೆ ವಿಶ್ವವಿದ್ಯಾನಿಲಯದಿಂದ ತಜ್ಞರು ಬಂದು ಪಟ್ಟಿ ನೋಡಿ, ಗುಣ ಬೆಳೆಯದ ಪೇಪರನ್ನು ಕಿತ್ತು ಬಿಸಾಡುತ್ತಾರೆ.

"ಎಲ್ಲರೂ ಒಮ್ಮತದಿಂದ ನಿಮ್ಮ ಹೆಸರು ಹೇಳಿದ್ರು ಮೇಡಂ," ಎಂದರು ಪ್ರಿನ್ಸಿಪಾಲರು.

"ನಾನು ಇರಲೇ ಇಲ್ಲವಲ್ಲ ಸಾರ್?"

"ಅದಕ್ಕೇ ಒಮ್ಮತ ಆದದ್ದು."

ಎಲ್ಲರಲ್ಲೂ ಎಲ್ಲ ಗುಣ

ಪಟ್ಟಿಯನ್ನು ಎಲ್ಲ ವಿಭಾಗಕ್ಕೂ ಹಂಚಿದೆ. ಟಿಕ್ ಹಾಕಲು ಒಂದು ವಾರವಾದರೂ ಬೇಕು ಅಂತ ನನ್ನ ಲೆಕ್ಕ. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲರದ್ದೂ ವಾಪಸ್ ಬಂತು. ನೋಡಿದರೆ ಎಲ್ಲರೂ ಎಲ್ಲ ಕಾಲಮ್ಮಿಗೂ ಒಟ್ರಾಶಿ ಟಿಕ್ ಹಾಕಿದ್ದಾರೆ! ನನಗೆ ಕೋಪವೂ ಬಂತು, ನಗುವೂ ಬಂತು. ಹಾಗೆಯೇ ಬಿಟ್ಟರೆ ಪ್ರಿನ್ಸಿಪಾಲರು ನನ್ನನ್ನು ಬಿಡುವುದಿಲ್ಲ. ಪಟ್ಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದೆ.

"ಕೆಮಿಸ್ಟ್ರಿಯಲ್ಲಿ ಜಾಗತಿಕ ದೃಷ್ಟಿ ಎಲ್ಲಿ ಉಂಟು ಸಾರ್?" ಅಂತ ಕೆಮಿಸ್ಟ್ರಿಯವರನ್ನು ಕೇಳಿದೆ.

"ಆ್ಯಸಿಡ್ ಎಲ್ಲ ದೇಶದಲ್ಲೂ ಸುಡ್ತದೆ ಮೇಡಂ," ಎಂದರು ಅವರು, ಟಿಫಿನ್ ಬಾಕ್ಸಿನಿಂದ ತಲೆ ಎತ್ತದೆ.

ಗಣಿತದವರ ಹತ್ತಿರ ಹೋದೆ. "ಸಾಮಾಜಿಕ ಜವಾಬ್ದಾರಿ ಅಂತ ಹಾಕಿದ್ದೀರಲ್ಲ, ಅದು ಹೇಗೆ ಸಾರ್?"

"ನನ್ನ ಪೇಪರಿನಲ್ಲಿ ಫೇಲಾದವರೆಲ್ಲ ಎಲ್ಲಿಗೆ ಹೋಗುದು ಹೇಳಿ? ಸಮಾಜಕ್ಕೇ ಅಲ್ವಾ?"

ಇವರನ್ನೆಲ್ಲ ಹೇಳಿ ಪ್ರಯೋಜನ ಇಲ್ಲ. ಇನ್‌ಕಮ್ ಟ್ಯಾಕ್ಸ್ ಪೇಪರಿನಲ್ಲಿ ನೈತಿಕತೆ ಬೆಳೆಯುತ್ತದೆ ಅಂತ ನಾನೂ ಹಾಕಿದ್ದೆ.

ಇಡೀ ಕಾಲೇಜಿನಲ್ಲಿ ಒಬ್ಬರೇ ಒಬ್ಬರು ಒಂದೇ ಒಂದು ಟಿಕ್ ಹಾಕಿದ್ದರು. ಅವರು ಇತಿಹಾಸದ ಅತಿಥಿ ಉಪನ್ಯಾಸಕರು. ಸುಳ್ಯದ ಕಡೆಯ ಗೌಡರ ಹುಡುಗ, ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಪುತ್ತೂರಿಗೆ ಬಂದು ಹೋಗುವವರು. ಅವರಿಗೆ ಇದ್ದದ್ದು 'ಸ್ಥಳೀಯ ಇತಿಹಾಸ' ಅಂತ ಒಂದೇ ಪೇಪರು. ಅದರಲ್ಲಿ ಸ್ವತಂತ್ರವಾಗಿ ಯೋಚಿಸುವ ಗುಣ ಬೆಳೆಯುತ್ತದೆ ಅಂತ ಒಂದು ಟಿಕ್, ಬಾಕಿ ಎಲ್ಲ ಖಾಲಿ. ಪ್ರಿನ್ಸಿಪಾಲರು ನೋಡಿದವರೇ, "ಇದು ಉಳಿಯುದು ಕಷ್ಟ. ವಿಶ್ವವಿದ್ಯಾನಿಲಯದ ತಜ್ಞರು ಬಂದ ದಿನ ಮೊದಲು ಹೋಗುದೇ ಇದು," ಎಂದುಬಿಟ್ಟರು.

ಇದನ್ನು ಹಾಗೆ ಬಿಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ ಈ ಹುಡುಗನಿಗೆ ಹೆಣ್ಣು ಹುಡುಕಿ ಹುಡುಕಿ ಮನೆಯವರು ಸೋತು, ಕೊನೆಗೆ ಅಜ್ಜಾವರದಲ್ಲಿ ಒಂದು ಸಂಬಂಧ ಕೂಡಿಬಂದು, ಬೇಸಿಗೆಗೆ ಮದುವೆ ಅಂತ ಮಾತಾಗಿತ್ತು. ಪೇಪರ್ ಹೋದರೆ ಕ್ಲಾಸ್ ಇಲ್ಲ, ಕ್ಲಾಸ್ ಇಲ್ಲದಿದ್ದರೆ ಕೆಲಸ ಇಲ್ಲ. ಕೆಲಸ ಇಲ್ಲದವನಿಗೆ ಈ ಕಾಲದಲ್ಲಿ ಹೆಣ್ಣು ಕೊಡುವವರು ಯಾರು? ಆ ಚಿಂತೆಯಲ್ಲಿ ಅವರ ಮುಖ ಬಾಡಿಹೋಗಿತ್ತು.

"ಇನ್ನು ನಾಲ್ಕು ಟಿಕ್ ಹಾಕಿ ಮಾರಾಯ್ರೆ, ಯಾರು ನೋಡ್ತಾರೆ? ನೈತಿಕತೆಗಾದರೂ ಒಂದು ಹಾಕಿ," ಎಂದೆ.

ಅವರು ಪೆನ್ನು ಎತ್ತಿದರು, ಕೆಳಗಿಟ್ಟರು. "ಇಲ್ಲದ್ದಕ್ಕೆ ಸುಳ್ಳು ಟಿಕ್ ಹಾಕಿ, ನೈತಿಕತೆ ಉಂಟು ಅಂತ ಹೇಳುದಾ ಮೇಡಂ?"

ಎಲ್ಲರೂ ನಾಯಕರು

ಸುಳ್ಳು ಟಿಕ್ ಹಾಕುವುದಿಲ್ಲವಾದರೆ ನಿಜವಾಗಿಯೇ ಗುಣ ಬೆಳೆಸುವ ಅಂತ ಆಯಿತು. ಮೊದಲಿಗೆ ನಾಯಕತ್ವ. ಸ್ಥಳೀಯ ಇತಿಹಾಸದ ವಿದ್ಯಾರ್ಥಿಗಳೇ ಊರಿನ ಚರಿತ್ರೆಯ ಮೇಲೆ ಒಂದು ಕಾರ್ಯಕ್ರಮ ಮಾಡಲಿ, ನಾಯಕತ್ವ ತೋರಿಸಿದವರಿಗೆ ಇಂಟರ್ನಲ್ ಮಾರ್ಕ್ಸು ಅಂತ ಹೇಳಿದೆವು. ಮಾರ್ಕ್ಸು ಅಂದಮೇಲೆ ಕೇಳಬೇಕಾ?

ನಮ್ಮ ಊರಿನ ಮಕ್ಕಳಿಗೆ ಕಾರ್ಯಕ್ರಮ ಅಂದರೆ ಹೇಗಿರಬೇಕು ಅಂತ ಯಾರೂ ಕಲಿಸಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಮುಖ್ಯ ಅತಿಥಿ, ಗೌರವ ಉಪಸ್ಥಿತಿ, ಅಧ್ಯಕ್ಷೀಯ ಮಾತು, ಸನ್ಮಾನ, ಸನ್ಮಾನ ಪತ್ರ ಓದುವವರು, ಹಾರ ಕೊಡುವವರು, ಧನ್ಯವಾದ, ನಿರೂಪಣೆ. ಒಂದು ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಇದೆಲ್ಲ ಇರುತ್ತದಲ್ಲ, ಇಲ್ಲಿಯೂ ಇತ್ತು.

ನಾನು ಸೆಮಿನಾರ್ ಹಾಲಿಗೆ ಹೋಗಿ ನೋಡುತ್ತೇನೆ, ವೇದಿಕೆಯಲ್ಲಿ ಕಾಲಿಡಲು ಜಾಗ ಇಲ್ಲ. ಇಡೀ ಕ್ಲಾಸ್ ಮೇಲೆ ಉಂಟು. ಕೆಳಗೆ ಸಾಲು ಸಾಲು ಖಾಲಿ ಕುರ್ಚಿ. ಕೆಳಗೆ ಕೂತರೆ ನಾಯಕತ್ವದ ಮಾರ್ಕ್ಸು ಹೋಗುತ್ತದೆ ಅಂತ ಒಬ್ಬರೂ ಇಳಿಯಲಿಲ್ಲ. ಅವರ ಉಪನ್ಯಾಸಕರನ್ನೂ ಸನ್ಮಾನಕ್ಕೆ ಅಂತ ಮೇಲೆ ಎಳೆದು ಕೂರಿಸಿದ್ದರು. ಅವರು ಹಾರ ಹಾಕಿಕೊಂಡು, ನನ್ನನ್ನು ನೋಡಿ ಏನು ಮಾಡುವುದು ಅಂತ ಕಣ್ಣಲ್ಲೇ ಕೇಳಿದರು. ನಾನು ಮುಂದಿನ ಸಾಲಿನಲ್ಲಿ ಕೂತೆ. ನಿರೂಪಣೆಯ ಹುಡುಗಿ ಮೈಕಿನಲ್ಲಿ, "ಕಿಕ್ಕಿರಿದು ಸೇರಿರುವ ಸಭಿಕ ಬಂಧುಗಳೇ," ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಸ್ವಾಗತ ಮುಗಿಯಿತು, ಪ್ರಸ್ತಾವನೆ ಮುಗಿಯಿತು. ಅತಿಥಿಯಾದ ಹುಡುಗ ಮಾತಿಗೆ ನಿಂತಾಗ ನನ್ನ ಫೋನು ಹೊಡೆದುಕೊಂಡಿತು. ಮೆಲ್ಲ ಎದ್ದು ಬಾಗಿಲಿನ ಹೊರಗೆ ಹೋದೆ. ಒಳಗೆ ಮಾತು ನಿಂತಿತು. ಸ್ವಲ್ಪ ಹೊತ್ತು ಗುಸುಗುಸು. ಮತ್ತೆ ಅಧ್ಯಕ್ಷರ ಕುರ್ಚಿಯಲ್ಲಿದ್ದವನು ಮೈಕ್ ತೆಗೆದುಕೊಂಡು ಹೇಳಿದ್ದು ಅಂಗಳಕ್ಕೂ ಕೇಳಿತು: "ವೇದಿಕೆಯಲ್ಲಿರುವ ಗಣ್ಯರು ದಯವಿಟ್ಟು ತಾಳ್ಮೆಯಿಂದ ಕೂತುಕೊಳ್ಳಬೇಕು. ಸಭಿಕರು ಫೋನಿನಲ್ಲಿ ಇದ್ದಾರೆ, ಈಗ ಬರ್ತಾರೆ."

ಊರಿಗೆ ಎಂಥ ಪದವೀಧರರು ಬೇಕು

ಸುತ್ತೋಲೆಯಲ್ಲಿ ಇನ್ನೊಂದು ಇತ್ತು. ನಮ್ಮ ಪದವೀಧರರಲ್ಲಿ ಎಂಥ ಗುಣ ಇರಬೇಕು ಅಂತ ಊರಿನವರನ್ನೇ ಕರೆದು ಕೇಳಬೇಕಂತೆ. ಪೋಷಕರು, ಕೃಷಿಕರು, ವ್ಯಾಪಾರಿಗಳು ಅಂತ ಒಂದಷ್ಟು ಜನರನ್ನು ಕರೆದೆವು. ಬನ್ಸ್, ಚಹಾ ಇತ್ತು, ಹಾಗಾಗಿ ಎಲ್ಲರೂ ಬಂದರು.

ಮೊದಲು ಎದ್ದವರು ಕಡಬದ ರಬ್ಬರ್ ಕೃಷಿಕರು. ಅವರ ಹಿರಿಯರು ಕೇರಳದಿಂದ ಬಂದು ನೆಲೆಸಿದವರು. ಮಗಳು ನಮ್ಮಲ್ಲೇ ಕಲಿಯುತ್ತಿದ್ದಳು, ಅದೂ ಸ್ಥಳೀಯ ಇತಿಹಾಸದ ಕ್ಲಾಸಿನಲ್ಲೇ. "ಗುಣ ಬೇರೆ ಎಂತ ಬೇಡ ಸಾರೇ, ಬೆಳಿಗ್ಗೆ ಬೇಗ ಏಳುವವರು ಆದರೆ ಸಾಕು. ನನ್ನ ಮಗಳು ಏಳುವಾಗ ನಮ್ಮಲ್ಲಿ ಮರದ ಹಾಲು ತೆಗೆದು ರಬ್ಬರ್ ಶೀಟ್ ಮಾಡಿ ಆಗಿರ್ತದೆ," ಎಂದರು. ಪ್ರಿನ್ಸಿಪಾಲರು ಅದನ್ನು 'ಸಮಯ ನಿರ್ವಹಣೆ' ಅಂತ ಬರೆದುಕೊಂಡರು.

ಮತ್ತೆ ಎದ್ದವರು ಅಜ್ಜಾವರದ ಹಿರಿಯರು. ಅವರನ್ನು ನೋಡಿದ್ದೇ ತಡ, ನನ್ನ ಪಕ್ಕದಲ್ಲಿದ್ದ ಇತಿಹಾಸದವರು ಚಹಾ ಲೋಟ ಕೆಳಗಿಟ್ಟು, "ಮೇಡಂ, ಅವರೇ ನನ್ನ ಮಾವ ಆಗುವವರು," ಎಂದು ಪಿಸುಗುಟ್ಟಿದರು. ಹಿರಿಯರು ಗುಣದ ವಿಷಯ ಎತ್ತಲೇ ಇಲ್ಲ.

"ಸ್ಥಳೀಯ ಇತಿಹಾಸ ಅಂತ ಒಂದು ಉಂಟಲ್ಲ, ಅದು ತೆಗೀತಾರೆ ಅಂತ ಸುದ್ದಿ. ಹೌದಾ?"

"ತಜ್ಞರು ಬಂದು ನಿರ್ಧಾರ ಮಾಡುದು," ಎಂದರು ಪ್ರಿನ್ಸಿಪಾಲರು.

"ತೆಗೆದರೆ ಆ ಮೇಷ್ಟ್ರಿಗೆ ಬೇರೆ ಕ್ಲಾಸ್ ಉಂಟಾ?"

"ಇಲ್ಲ."

"ಹಾಗಾದರೆ ಪೂರ್ತಿ ಮನೆಯಲ್ಲೇ?"

"ಪೂರ್ತಿ ಮನೆಯಲ್ಲೇ."

ಹಿರಿಯರು "ಹೂಂ" ಎಂದು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಕೂತರು. ಇತಿಹಾಸದವರ ಮುಖದಲ್ಲಿ ರಕ್ತ ಇಲ್ಲ. "ಮುಗೀತು ಮೇಡಂ, ಇನ್ನು ಆ ಮನೆಗೆ ಹೋಗುದು ಬೇಡ," ಎಂದರು. ಅವರನ್ನು ನೋಡಿ ನನಗೆ ಎಷ್ಟು ಪಾಪ ಅನಿಸಿತು ಅಂದರೆ, ಏನೇ ಆಗಲಿ ಈ ಪೇಪರ್ ಉಳಿಸಿಯೇ ಸಿದ್ಧ ಅಂತ ಆಗಲೇ ಮನಸ್ಸಿನಲ್ಲಿ ಹೇಳಿಕೊಂಡೆ.

ಕೊನೆಗೆ ಬೆಟ್ಟಂಪಾಡಿಯ ಒಬ್ಬರು ಅಮ್ಮ ಎದ್ದು ನಿಂತರು. "ನನ್ನ ಮಗ ಒಳ್ಳೆಯ ಕೃಷಿಕ. ಆದರೆ ಡಿಗ್ರಿ ಆದ ಹುಡುಗಿಯರು ತೋಟದ ಹುಡುಗ ಬೇಡ ಅಂತಾರೆ. ತೋಟದ ಹುಡುಗನನ್ನು ಒಪ್ಪುವ ಗುಣವನ್ನು ನೀವು ಸಿಲೆಬಸ್ಸಿಗೆ ಹಾಕಬೇಕು."

ಸಭೆಯಲ್ಲಿದ್ದ ಅರ್ಧ ಜನ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡು, "ಹಾಕಬಹುದು ಅಮ್ಮ, ಆದರೆ ಅದಕ್ಕೆ ಪರೀಕ್ಷೆ ಇಡುದು ಹೇಗೆ?" ಎಂದರು.

"ಪ್ರಾಕ್ಟಿಕಲ್ ಇಡಿ. ನಮ್ಮ ಮನೆಗೆ ಕಳಿಸಿ, ನಾನು ನೋಡಿ ಮಾರ್ಕ್ಸು ಹಾಕ್ತೇನೆ."

ಸ್ವಂತ ಮಾತು

ತಜ್ಞರು ಬರುವ ಮೊದಲು ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸ ನನ್ನ ತಲೆಗೇ ಬಂತು. ಇತಿಹಾಸದವರ ಕೈಯಲ್ಲಿ ಬಿಟ್ಟರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಗಿಸುತ್ತಾರೆ. ನಾನೇ ತಜ್ಞರ ಹಾಗೆ ಮುಖ ಗಂಟು ಹಾಕಿಕೊಂಡು ಕೂತು, "ಈ ಪೇಪರಿನಿಂದ ನಿಮ್ಮಲ್ಲಿ ಎಂಥ ಗುಣ ಬೆಳೆಯಿತು?" ಅಂತ ಕೇಳಿದೆ.

ಇಡೀ ಕ್ಲಾಸ್ ಒಂದೇ ಸ್ವರದಲ್ಲಿ, ಪ್ರಾರ್ಥನೆ ಹೇಳುವ ಹಾಗೆ ಹೇಳಿತು: "ಸ್ವತಂತ್ರವಾಗಿ ಯೋಚಿಸುವ ಗುಣ!"

"ಹೀಗೆ ಒಟ್ಟಿಗೆ ಬೊಬ್ಬೆ ಹಾಕಿದರೆ ಅವರಿಗೆ ಗೊತ್ತಾಗ್ತದೆ. ಒಬ್ಬೊಬ್ಬರೇ, ಸ್ವಂತ ಮಾತಿನಲ್ಲಿ ಹೇಳ್ಬೇಕು."

ಕಡಬದ ಹುಡುಗಿ ಪುಸ್ತಕ ತೆರೆದು, ಪೆನ್ನು ಹಿಡಿದು ಕೂತಳು. "ಸ್ವಂತ ಮಾತು ಎಂತ ಅಂತ ಬರೆಸಿ ಮೇಡಂ, ನಾವು ಕಲಿತುಕೊಂಡು ಬರ್ತೇವೆ."

ಪಾಯಸ ಯಾರಿಗೆ

ತಜ್ಞರು ಬಂದರು. ತೆಳ್ಳಗಿನ ಮನುಷ್ಯ, ನಗುವಿಲ್ಲ, ಕೈಯಲ್ಲಿ ಕೆಂಪು ಪೆನ್ನು. ಬಂದವರೇ, ಟಿಕ್ ಎಲ್ಲ ಸುಳ್ಳು ಅಂತ ಒಂದು ಐಚ್ಛಿಕ ಪೇಪರನ್ನು ಚಹಾ ಬರುವ ಮೊದಲು ತೆಗೆದರು, ಇನ್ನೊಂದನ್ನು ಚಹಾ ಕುಡಿಯುತ್ತಾ ತೆಗೆದರು. ಕೆಮಿಸ್ಟ್ರಿಯವರು ಟಿಕ್ಕುಗಳನ್ನು ತಾವೇ ಅಳಿಸತೊಡಗಿದರು. ಸ್ಥಳೀಯ ಇತಿಹಾಸದ ಸರದಿ ಬಂತು.

"ಒಂದೇ ಗುಣವಾ?" ಎಂದರು ತಜ್ಞರು.

"ಒಂದೇ ಸಾರ್," ಎಂದರು ನಮ್ಮವರು. ನನಗೆ ಹಣೆ ಚಚ್ಚಿಕೊಳ್ಳುವ ಅಂತ ಆಯಿತು. ನಾಯಕತ್ವದ್ದು ಹೇಳಿ ಅಂತ ಕಣ್ಣು ಮಾಡಿದೆ. "ನಾಯಕತ್ವಕ್ಕೆ ಪ್ರಯತ್ನ ಮಾಡಿದ್ದೆವು ಸಾರ್, ಸಭಿಕರು ಸಾಕಾಗಲಿಲ್ಲ," ಎಂದರು.

ಕೆಂಪು ಪೆನ್ನಿನ ಮುಚ್ಚಳ ತೆರೆಯಿತು. "ವಿದ್ಯಾರ್ಥಿಗಳನ್ನಾದರೂ ಒಮ್ಮೆ ಕೇಳಿ ಸಾರ್," ಅಂತ ನಾನು ನಡುವೆ ಬಾಯಿ ಹಾಕಿದೆ. ಹೊರಗೆ ಕಾಯುತ್ತಿದ್ದವರಲ್ಲಿ ಧೈರ್ಯ ಇದ್ದದ್ದು ಕಡಬದ ಹುಡುಗಿಗೆ. ಅವಳನ್ನು ಒಳಗೆ ಕರೆದೆ. ಅವಳು ನಾನು ಬರೆಸಿದ ಸ್ವಂತ ಮಾತನ್ನು ಉಸಿರು ಬಿಡದೆ ಶುರು ಮಾಡಿದಳು. ತಜ್ಞರು ಕೈ ಎತ್ತಿ ನಿಲ್ಲಿಸಿದರು. "ಬಾಯಿಪಾಠ ಬೇಡಮ್ಮ. ಈ ಪೇಪರ್ ತೆಗೆದರೆ ನಿನಗೆ ನಿಜವಾಗಿ ಎಂತ ನಷ್ಟ?"

ಹುಡುಗಿ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವಳ ಮೇಷ್ಟ್ರನ್ನು ನೋಡಿದಳು. ಮತ್ತೆ ಒಂದೇ ಸಲಕ್ಕೆ ಹೇಳಿಬಿಟ್ಟಳು. "ಸಾರ್, ಇವರಿಗೆ ಮದುವೆ ಉಂಟು. ಪೇಪರ್ ತೆಗೆದರೆ ಕೆಲಸ ಹೋಗ್ತದೆ, ಕೆಲಸ ಹೋದರೆ ಹುಡುಗಿ ಕೊಡುದಿಲ್ಲ. ಮದುವೆಗೆ ಬಡಿಸ್ಲಿಕ್ಕೆ ನಮ್ಮ ಕ್ಲಾಸಿನವರೇ. ನನಗೆ ಪಾಯಸ ಸಿಕ್ಕಿದೆ. ತೆಗಿಯುದೇ ಆದರೆ ಮದುವೆ ಊಟ ಆದ ಮೇಲೆ ತೆಗೀರಿ ಸಾರ್."

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಇತಿಹಾಸದವರು ಮೇಜಿನ ಅಡಿಗೆ ಹೋಗುವಷ್ಟು ಕುಗ್ಗಿದರು.

"ಪಾಯಸ ನಿನಗೆ ಅಂತ ಹೇಳಿದ್ದು ಯಾರು?" ಕೇಳಿದರು ತಜ್ಞರು.

"ಯಾರೂ ಹೇಳ್ಲಿಲ್ಲ ಸಾರ್, ನಾವೇ ಕೂತು ಪಾಲು ಮಾಡಿದ್ದು. ಗಟ್ಟಿ ಇರುವವರಿಗೆ ಅನ್ನ, ಓಡುವವರಿಗೆ ಸಾಂಬಾರು. ಅಜ್ಜ-ಅಜ್ಜಿಯರನ್ನು ಕೂರಿಸ್ಲಿಕ್ಕೆ ಇಬ್ಬರು. ಎಲೆಯಲ್ಲಿ ಬಿಡದ ಹಾಗೆ ನೋಡ್ಲಿಕ್ಕೆ ಒಬ್ಬ. ಮಾತಾಡಿ ಒತ್ತಾಯ ಮಾಡ್ಲಿಕ್ಕೆ ಗೊತ್ತಿರುವವರಿಗೆ ಪಾಯಸ. ಅದು ನಾನು."

ತಜ್ಞರು ಕೆಂಪು ಪೆನ್ನು ಕೆಳಗಿಟ್ಟು ಪಟ್ಟಿಯನ್ನು ಹತ್ತಿರ ಎಳೆದುಕೊಂಡರು. ನನ್ನ ಕೈಯಿಂದ ನೀಲಿ ಪೆನ್ನು ತೆಗೆದುಕೊಂಡು, ತಂಡದಲ್ಲಿ ಕೆಲಸ, ನಾಯಕತ್ವ, ಸಾಮಾಜಿಕ ಜವಾಬ್ದಾರಿ, ಪರಿಸರ ಪ್ರಜ್ಞೆ, ಸಂವಹನ ಅಂತ ತಾವೇ ಒಂದೊಂದಕ್ಕೆ ಟಿಕ್ ಹಾಕುತ್ತಾ ಹೋದರು.

"ಸಾರ್, ಅದು ಯಾವುದೂ ನಾನು ಪಾಠ ಮಾಡಿದ್ದಲ್ಲ..." ಅಂತ ಇತಿಹಾಸದವರು ಬಾಯಿ ತೆರೆದರು. ನಾನು ಮೇಜಿನ ಅಡಿಯಲ್ಲಿ ಅವರ ಕಾಲನ್ನು ಸರಿಯಾಗಿ ತುಳಿದೆ. ಪೇಪರ್ ಉಳಿಯಿತು. ಹೊರಗೆ ಬಂದ ಮೇಲೆ ಅವರು ಕುಂಟುತ್ತಾ ನನ್ನ ಕೈ ಹಿಡಿದು, "ಈ ಉಪಕಾರ ಮರೆಯುದಿಲ್ಲ ಮೇಡಂ," ಎಂದರು. ಕಣ್ಣಲ್ಲಿ ನೀರಿತ್ತು.

ಮಾವನ ಲೆಕ್ಕ

ಮದುವೆ ಸುಳ್ಯದ ಒಂದು ಹಾಲಿನಲ್ಲಿ ಆಯಿತು. ನಮ್ಮ ಮಕ್ಕಳು ಬಡಿಸಿದ್ದನ್ನು ನೋಡಬೇಕಿತ್ತು! ಕಡಬದ ಹುಡುಗಿಯ ಒತ್ತಾಯಕ್ಕೆ ಸಕ್ಕರೆ ಕಾಯಿಲೆಯ ಪ್ರಿನ್ಸಿಪಾಲರೂ ಎರಡು ಸಲ ಪಾಯಸ ಹಾಕಿಸಿಕೊಂಡರು. ನಾನು ಊಟ ಮುಗಿಸಿ ಒಂದು ಕುರ್ಚಿಯಲ್ಲಿ ಕೂತು, ಈ ಮದುವೆ ನನ್ನಿಂದಲೇ ಆದದ್ದು ಅನ್ನುವ ಗತ್ತಿನಲ್ಲಿ ಬೀಗುತ್ತಿದ್ದೆ. ಅಷ್ಟರಲ್ಲಿ ಮದುಮಗಳ ಅಪ್ಪ, ಆ ಅಜ್ಜಾವರದ ಹಿರಿಯರು, ಬಂದು ಕೈ ಮುಗಿದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಊಟ ಸರಿ ಆಯ್ತಾ ಮೇಡಂ?"

"ಬಹಳ ಚೆನ್ನಾಗಿತ್ತು. ನೀವು ಇನ್ನು ಎಂತದೂ ಹೆದರಬೇಡಿ. ನಿಮ್ಮ ಅಳಿಯನ ಪೇಪರನ್ನು ನಾವು ಉಳಿಸಿಕೊಟ್ಟಾಯ್ತು," ಎಂದೆ.

ಹಿರಿಯರು ಸುತ್ತ ನೋಡಿ, ಸ್ವರ ಇಳಿಸಿದರು. "ಅದೇ ಹೇಳುವ ಅಂತ ಬಂದದ್ದು. ನೀವು ಬೇಜಾರು ಮಾಡಬಾರದು. ನನಗೆ ಇರುದು ಒಬ್ಬಳೇ ಮಗಳು. ಅಡಿಕೆ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಜನ ಇಲ್ಲ, ಪಂಪು ಕೆಟ್ಟರೆ ನೋಡುವವರಿಲ್ಲ. ಬ್ಯಾಂಕಿನ ಹುಡುಗ ಬಂದಿದ್ದ, ಬೇಡ ಹೇಳಿದೆ. ಖಾಯಂ ಕೆಲಸದ ಮೇಷ್ಟ್ರು ಬಂದಿದ್ದ, ಅವನೂ ಬೇಡ ಹೇಳಿದೆ. ಇವರು ಅತಿಥಿ ಉಪನ್ಯಾಸಕರು ಅಂತ ಗೊತ್ತಾದ ಕೂಡಲೇ ಒಪ್ಪಿದೆ. ಇವತ್ತಲ್ಲ ನಾಳೆ ಕೆಲಸ ಹೋಗ್ತದೆ, ಹುಡುಗ ತೋಟಕ್ಕೆ ಬರ್ತಾನೆ ಅಂತ! ಆ ದಿನ ಮೀಟಿಂಗಿನಲ್ಲಿ ನಿಮ್ಮ ಪ್ರಿನ್ಸಿಪಾಲರು ಪೂರ್ತಿ ಮನೆಯಲ್ಲೇ ಅಂದಾಗ ನನಗೆ ಎಷ್ಟು ಖುಷಿ ಆಗಿತ್ತು ಗೊತ್ತುಂಟಾ? ಮನೆಗೆ ಹೋದವನೇ ಹೊಸ ಸ್ಪ್ರೇಯರ್ ತಂದಿಟ್ಟೆ. ನೀವೆಲ್ಲ ಸೇರಿ ಉಳಿಸಿಬಿಟ್ರಲ್ಲ ಮಾರಾಯ್ರೆ!"

ನನಗೆ ನಗಬೇಕೋ ಕ್ಷಮೆ ಕೇಳಬೇಕೋ ಗೊತ್ತಾಗಲಿಲ್ಲ. ವೇದಿಕೆಯಲ್ಲಿ ಮದುಮಗ ಫೋಟೋಕ್ಕೆ ನಗುತ್ತಾ ನಿಂತಿದ್ದರು.

"ಈ ಸಿಲೆಬಸ್ ಪುನಃ ಬದಲಾಗುದು ಯಾವಾಗ?" ಕೇಳಿದರು ಹಿರಿಯರು.

"ಇನ್ನು ಮೂರು ವರ್ಷ ಬಿಟ್ಟು."

ಅವರು ಅಳಿಯನನ್ನೇ ನೋಡುತ್ತಾ ಒಂದು ಉಸಿರು ಬಿಟ್ಟರು. "ಆಗಲಿ, ಎಂತ ಮಾಡುದು. ಅಷ್ಟರವರೆಗೆ ಆದಿತ್ಯವಾರ ಸ್ಪೆಷಲ್ ಕ್ಲಾಸ್ ಒಂದು ಇಡ್ಬೇಡಿ ಮೇಡಂ."